ಕಿವಿಗೆ ಹನಿ ಹಾಕುವ ಮುನ್ನ

ಹೊಸೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರ್ ಮಳೆ ಹಿಡಿದುಕೊಂಡಿತೆಂದರೆ ನಾಯಿ ಸಾಕಿದವರ ಮನೆಗಳಲ್ಲಿ ಕಿವಿಯ ಗೋಳು ಶುರುವಾಗುತ್ತದೆ. ಆಲಸನತ್ತಂನ ನಮ್ಮ ಬೀದಿಯಲ್ಲಿ ಬೆಳಿಗ್ಗೆ ಹಾಲು ತರಲು ಹೊರಟರೆ ಯಾವುದಾದರೊಂದು ಗೇಟಿನ ಹಿಂದೆ ನಾಯಿ ಪಟಪಟನೆ ತಲೆ ಒದರುವ ಸದ್ದು ಕೇಳಿಯೇ ಕೇಳುತ್ತದೆ. ಮತ್ತಿಗಿರಿಯ ಹಳೆಯ ದನದ ಫಾರಂ ಇರುವ ಸೀಮೆ ಇದು; ದನದ ಕಾಯಿಲೆ ಗೊತ್ತಿದ್ದವರು ಇಲ್ಲಿ ಬೇಕಾದಷ್ಟು ಜನ. ಸಿಪ್ಕಾಟ್ ಕಾರ್ಖಾನೆಗಳು ಬಂದು ಬಡಾವಣೆಗಳು ಬೆಳೆದ ಮೇಲೆ ಲ್ಯಾಬ್ರಡಾರ್, ಕಾಕರ್ ಸ್ಪ್ಯಾನಿಯೆಲ್‌ನಂಥ ಇಳಿಬಿದ್ದ ಕಿವಿಯ ನಾಯಿಗಳು ಮನೆಮನೆಗೆ ಬಂದವು. ಅವುಗಳ ಕಿವಿಯ ಬಗ್ಗೆ ತಿಳಿವಳಿಕೆ ಮಾತ್ರ ಅಷ್ಟು ಬೇಗ ಬರಲಿಲ್ಲ.

ನಮ್ಮ ಮನೆಯಲ್ಲಿರುವುದು ಸೋನು ಎಂಬ ಲ್ಯಾಬ್ರಡಾರ್, ಮತ್ತು ಎಲ್ಲಿಂದಲೋ ಬಂದು ನಮ್ಮವಳೇ ಆಗಿಬಿಟ್ಟ ಪುಟ್ಟಿ ಎಂಬ ಬೆಕ್ಕು. ಇವರಿಬ್ಬರ ಕಿವಿಗಳನ್ನು ವರ್ಷಗಟ್ಟಲೆ ನೋಡಿಕೊಂಡು ಬಂದವಳಾಗಿ ಹೇಳುತ್ತೇನೆ, ಈ ಗೋಳಿನ ಹಿಂದಿರುವ ಫಂಗಸ್ ಕಾಯಿಲೆ ಕಾಣುವುದು ಕಿವಿಯಲ್ಲಾದರೂ ಅದರ ಬೇರು ಹೆಚ್ಚಿನ ಸಲ ಬೇರೆಲ್ಲೋ ಇರುತ್ತದೆ.

ಸೋನುವಿಗೆ ಮೊದಲು ಬಂದಾಗ ಗೊತ್ತಾದದ್ದು ವಾಸನೆಯಿಂದ. ಪಕ್ಕದಲ್ಲಿ ಬಂದು ಮಲಗಿದರೆ ಹುಳಿಹುಳಿ ಮುಗ್ಗಲು ನಾತ. ಕಿವಿಯ ಹಾಲೆ ಎತ್ತಿ ನೋಡಿದರೆ ಒಳಗೆಲ್ಲ ಕೆಂಪು, ಮಡಿಕೆಗಳಲ್ಲಿ ಕಂದು ಬಣ್ಣದ ಅಂಟು ಗುಗ್ಗೆ. ಹಿಂಗಾಲಿನಿಂದ ಕೆರೆದುಕೊಳ್ಳುವಾಗ ಸುಖವೋ ನೋವೋ ತಿಳಿಯದ ಹಾಗೆ ನರಳುತ್ತಿದ್ದ. ಎದುರು ಮನೆಯ ಅಜ್ಜಿ ಬಂದು ನೋಡಿ, "ಏನಮ್ಮ ಯೋಚನೆ ಮಾಡ್ತಾ ಕೂತಿದೀಯ, ಕೊಬ್ಬರಿ ಎಣ್ಣೇಲಿ ಎರಡು ಬೆಳ್ಳುಳ್ಳಿ ಕಾಯಿಸಿ ಬಿಡು, ಸರಿಹೋಗುತ್ತೆ" ಅಂದರು. ಮಕ್ಕಳ ಕಿವಿನೋವಿಗೆ ತಲೆಮಾರುಗಳಿಂದ ಮಾಡಿಕೊಂಡು ಬಂದದ್ದನ್ನೇ ಪ್ರೀತಿಯಿಂದ ಹೇಳಿದರು. ನಾನು ಮಾತ್ರ ಏನನ್ನೂ ಬಿಡದೆ ಸೋನುವನ್ನು ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಮೊದಲು ಕಿವಿಗೆ ದೀಪದ ನಳಿಕೆ ಇಟ್ಟು ಒಳಗಿನ ತಮಟೆ ಹರಿದಿದೆಯೋ ಇಲ್ಲವೋ ನೋಡಿದರು. ಆಮೇಲೆ ಹತ್ತಿ ಸುತ್ತಿದ ಕಡ್ಡಿಯಲ್ಲಿ ಎರಡೂ ಕಿವಿಯ ಗುಗ್ಗೆಯನ್ನು ಬೇರೆ ಬೇರೆಯಾಗಿ ತೆಗೆದು ಗಾಜಿನ ಸ್ಲೈಡಿನ ಮೇಲೆ ಉರುಳಿಸಿ, ಬಣ್ಣದ ದ್ರಾವಣಗಳಲ್ಲಿ ಅದ್ದಿ ಆರಿಸಿದರು. "ಬನ್ನಿ, ನೀವೇ ನೋಡಿ" ಎಂದು ನನ್ನನ್ನು ಮೈಕ್ರೋಸ್ಕೋಪಿನ ಮುಂದೆ ಕೂರಿಸಿದರು. ನೇರಳೆ ಬಣ್ಣದ, ನಡು ಸಣ್ಣಗಾದ ಕಡಲೆಕಾಯಿಗಳ ಹಾಗೆ ನೂರಾರು ಕಣಗಳು ಗುಂಪುಗುಂಪಾಗಿ ಬಿದ್ದಿದ್ದವು. ಅದೇ ಮಲಸೇಜಿಯಾ ಎಂಬ ಯೀಸ್ಟ್. ಒಂದು ತಾಯಿಕಣದಿಂದ ಮರಿಕಣ ಮೊಳೆಯುತ್ತಿರುವುದರಿಂದ ಆ ಆಕಾರ.

ನಾಯಿಗಳ ಕಿವಿಯಲ್ಲಿ ಬೆಳೆಯುವ ಈ ಜಾತಿಯನ್ನು 1925ರಲ್ಲಿ ಮೊದಲು ಗುರುತಿಸಿದ್ದು ಚರ್ಮರೋಗವಿದ್ದ ಒಂದು ಭಾರತೀಯ ಘೇಂಡಾಮೃಗದ ಮೈಯಲ್ಲಂತೆ. ಆರೋಗ್ಯವಾಗಿರುವ ನಾಯಿಯ ಕಿವಿಯಲ್ಲೂ ಚರ್ಮದಲ್ಲೂ ಇದು ಸ್ವಲ್ಪ ಇದ್ದೇ ಇರುತ್ತದೆ, ಎಣ್ಣೆಪಸೆಯನ್ನು ತಿಂದುಕೊಂಡು ತನ್ನ ಪಾಡಿಗೆ ತಾನಿರುತ್ತದೆ. ಚರ್ಮ ಉರಿದು ಹೆಚ್ಚು ಗುಗ್ಗೆ ಸುರಿಸಿದಾಗ, ಒಳಗೆ ತೇವ, ಬಿಸಿ ನಿಂತಾಗ ಲೆಕ್ಕವಿಲ್ಲದಷ್ಟು ಹೆಚ್ಚುತ್ತದೆ. ನಾಯಿಯ ಕಿವಿಯ ಕೊಳವೆಯೂ ಇದಕ್ಕೆ ಅನುಕೂಲವಾಗಿಯೇ ಇದೆ. ಮನುಷ್ಯರದರಂತೆ ಹೆಚ್ಚುಕಡಿಮೆ ನೇರವಾಗಿಲ್ಲ. ಮೊದಲು ಕೆಳಕ್ಕಿಳಿದು, ಆಮೇಲೆ ತಲೆಯ ಒಳಕ್ಕೆ ತಿರುಗುತ್ತದೆ. ಒಳಗೆ ಹೋದ ನೀರು ತಾನಾಗಿ ಹೊರಬರುವುದು ಕಷ್ಟ.

ಸ್ಲೈಡ್ ನೋಡಲೇಬೇಕೇ ಎಂದು ಅನೇಕರು ಕೇಳುತ್ತಾರೆ. ನೋಡಲೇಬೇಕು. ಹೊರಗಿನಿಂದ ಒಂದೇ ಥರ ಕಾಣುವ ಕಿವಿಯಲ್ಲಿ ಯೀಸ್ಟ್ ಇರಬಹುದು, ಬ್ಯಾಕ್ಟೀರಿಯಾ ಇರಬಹುದು, ಎರಡೂ ಇರಬಹುದು. ಯೀಸ್ಟಿಗೆ ಮೈಕೋನಜೋಲ್, ಕ್ಲೋಟ್ರಿಮಜೋಲ್‌ನಂಥ ಔಷಧಿ ಬೇಕು. ಬರೀ ಆಂಟಿಬಯಾಟಿಕ್ ಹಾಕಿದರೆ ಅದಕ್ಕೆ ಏನೂ ಆಗುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಮನುಷ್ಯರ ಕಿವಿಗೆಂದು ಕೊಡುವ ಹನಿಯನ್ನು ನಾಯಿಗೆ ಬಿಡುವವರನ್ನು ಕಂಡರೆ ನನಗೆ ನಿಜವಾಗಿ ಭಯವಾಗುತ್ತದೆ. ತಮಟೆ ಹರಿದಿದ್ದರೆ ಜೆಂಟಾಮೈಸಿನ್‌ನಂಥ ಔಷಧಿ ಒಳಕಿವಿಗೆ ಇಳಿದು ಕಿವುಡು ತರಬಹುದು, ಪ್ರಾಣಿ ತಲೆ ಓರೆ ಮಾಡಿಕೊಂಡು ತೂರಾಡುವಂತಾಗಬಹುದು. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಹಾಕಿದರೆ ಉರಿಯುವ ಚರ್ಮ ಇನ್ನಷ್ಟು ಉರಿಯುತ್ತದೆ. ಟೀ ಟ್ರೀ ಎಣ್ಣೆಯಂತೂ ನಾಯಿಗೂ ಬೆಕ್ಕಿಗೂ ವಿಷ.

ತೊಳೆಯುವುದನ್ನು ನನಗೆ ಅಲ್ಲೇ ಕೈಹಿಡಿದು ಕಲಿಸಿದರು. ಹಾಲೆಯನ್ನು ಮೇಲಕ್ಕೆ ಹಿಡಿದು ಕಿವಿ ತುಂಬುವಷ್ಟು ಕ್ಲೀನರ್ ಬಿಡಬೇಕು. ಕೆನ್ನೆಯ ಹಿಂದೆ, ಕಿವಿಯ ಬುಡದಲ್ಲಿ ಬೆರಳಿಗೆ ಗಟ್ಟಿ ಕೊಳವೆಯೊಂದು ಸಿಗುತ್ತದೆ. ಅದನ್ನು ಅರ್ಧ ನಿಮಿಷ ನಯವಾಗಿ ಹಿಸುಕುತ್ತಿರಬೇಕು. ಪಿಚಪಿಚ ಸದ್ದು ಬಂದರೆ ದ್ರವ ತಲುಪಬೇಕಾದಲ್ಲಿ ತಲುಪಿದೆ ಎಂದು ಅರ್ಥ. ಕೈ ಬಿಟ್ಟ ತಕ್ಷಣ ನಾಯಿ ತಲೆ ಒದರುತ್ತದೆ, ಒದರಲಿ. ಆಳದ ಕೊಳೆಯನ್ನು ಅದೇ ಹೊರಗೆ ತರುತ್ತದೆ. ಮೇಲೆ ಬಂದದ್ದನ್ನು ಬೆರಳಿಗೆ ಸುತ್ತಿದ ಹತ್ತಿಯಿಂದ ಒರೆಸಿದರೆ ಸಾಕು. ಬಡ್ಸ್ ಹಾಕಬೇಡಿ, ಅದು ಗುಗ್ಗೆಯನ್ನು ಒಳಕ್ಕೇ ತಳ್ಳುತ್ತದೆ. ಸ್ವಲ್ಪ ಹೊತ್ತು ಆರಲು ಬಿಟ್ಟು ಔಷಧಿ ಹಾಕಬೇಕು. ಗುಗ್ಗೆಯ ಮೇಲೆ ಸುರಿದ ಔಷಧಿ ಚರ್ಮ ಮುಟ್ಟುವುದಿಲ್ಲ.

ಇಲ್ಲಿ ಬಹಳ ಜನ ಎಡವುವ ಜಾಗ ಒಂದಿದೆ. ಈ ಹನಿಗಳಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಕೂಡ ಸೇರಿರುತ್ತದೆ, ಹಾಗಾಗಿ ಬೇಗನೆ ತುರಿಕೆ ನಿಲ್ಲುತ್ತದೆ. ನಾಯಿ ಆರಾಮಾಗಿದೆ ಎಂದು ಬಾಟಲಿ ಫ್ರಿಜ್ಜಿನ ಮೇಲೆ ಹೋಗುತ್ತದೆ. ಒಳಗೆ ಯೀಸ್ಟ್ ಇನ್ನೂ ಇರುತ್ತದೆ. ಸೋನುವಿನ ವಿಷಯದಲ್ಲಿ ಡಾಕ್ಟರಮ್ಮ ಎರಡನೇ ಸ್ಲೈಡ್ ನೋಡಿ, ಅದು ಸ್ವಚ್ಛವಾಗಿದೆ ಎಂದ ಮೇಲೆಯೇ ಔಷಧಿ ನಿಲ್ಲಿಸಲು ಹೇಳಿದ್ದು. ಅರ್ಧಕ್ಕೆ ಬಿಡುತ್ತಾ ಹೋದರೆ ಕೊಳವೆಯ ಚರ್ಮ ದಪ್ಪವಾಗಿ, ದಾರಿ ಮುಚ್ಚಿಕೊಂಡು, ಕೊನೆಗೆ ಇಡೀ ಕೊಳವೆಯನ್ನೇ ಆಪರೇಷನ್ ಮಾಡಿ ತೆಗೆಯಬೇಕಾಗಿ ಬರುವುದುಂಟು. ತಲೆ ಒದರಿ ಒದರಿ ಹಾಲೆಯೊಳಗೆ ರಕ್ತನಾಳ ಒಡೆದು ಕಿವಿ ಊದಿಕೊಂಡ ನಾಯಿಯನ್ನು ನಮ್ಮ ಬೀದಿಯಲ್ಲೇ ನೋಡಿದ್ದೇನೆ.

ಸೋನುವಿಗೆ ವಾಸಿಯಾದದ್ದು ಮತ್ತೆ ಬಂತು. ಆಗ ಡಾಕ್ಟರಮ್ಮ ಕೇಳಿದ್ದು ಕಿವಿಯ ಬಗ್ಗೆ ಅಲ್ಲ. ಪಾದ ನೆಕ್ಕುತ್ತಾನಾ? ಹೊಟ್ಟೆ, ಕಂಕುಳಲ್ಲಿ ಕೆಂಪು ಇದೆಯಾ? ಏನು ತಿನ್ನುತ್ತಾನೆ? ನನ್ನ ಉತ್ತರ: ಹೌದು, ಹೌದು, ಕೋಳಿ ಅನ್ನ, ಮೊಸರನ್ನ. ಮತ್ತೆಮತ್ತೆ ಕಿವಿ ಸೋರುವ ನಾಯಿಗಳಲ್ಲಿ ಹೆಚ್ಚಿನವಕ್ಕೆ ಮೂಲದಲ್ಲಿ ಅಲರ್ಜಿ ಇರುತ್ತದೆ. ಧೂಳಿನ ನುಸಿ, ಪರಾಗ, ಚಿಗಟ, ಇಲ್ಲವೇ ಆಹಾರ. ವಯಸ್ಸಾದ ನಾಯಿಗಳಲ್ಲಿ ಥೈರಾಯ್ಡ್ ಕೊರತೆಯೂ ಕಾರಣವಾಗಬಹುದು. ಆಹಾರದ ಅಲರ್ಜಿಯನ್ನು ಕಂಡುಹಿಡಿಯಲು ಇರುವ ನೆಚ್ಚಿಕೆಯ ದಾರಿ, ಹಿಂದೆ ತಿನ್ನದ ಒಂದೇ ಮಾಂಸ ಮತ್ತು ಒಂದೇ ಪಿಷ್ಟವನ್ನು 8 ವಾರ ಕೊಟ್ಟು ನೋಡುವುದು. ನಮ್ಮದು ಮೀನು, ಸಿಹಿಗೆಣಸು. ಬೀದಿಯ ಮಕ್ಕಳೆಲ್ಲ ಬಿಸ್ಕತ್ತು ಹಾಕದಂತೆ ನೋಡಿಕೊಳ್ಳುವುದೇ ಇದರಲ್ಲಿ ದೊಡ್ಡ ಕೆಲಸ. ತುರಿಕೆ ಇಳಿಯಿತು. ಪರೀಕ್ಷೆಗೆಂದು ಮತ್ತೆ ಕೋಳಿ ಕೊಟ್ಟಾಗ ಪಾದ ನೆಕ್ಕುವುದು ಮರಳಿತು. ಕೋಳಿ ಬಿಟ್ಟ ಮೇಲೆ ಕಿವಿಯ ಕಾಟ ಬಹಳ ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಮಳೆಗಾಲದಲ್ಲಿ ಈಗಲೂ ಸ್ವಲ್ಪ ಕಾಣಿಸುತ್ತದೆ. ಅನ್ನ ತಿಂದರೆ, ಸಿಹಿ ತಿಂದರೆ ಕಿವಿಯಲ್ಲಿ ಯೀಸ್ಟ್ ಬೆಳೆಯುತ್ತದೆ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ, ಅದಕ್ಕೆ ಗಟ್ಟಿ ಆಧಾರವಿಲ್ಲ.

ನೀರು ಕಂಡರೆ ಸೋನು ನಿಲ್ಲುವವನಲ್ಲ. ಕೆಲವರಪಳ್ಳಿ ಜಲಾಶಯದ ಕಡೆ ಹೋದಾಗ ನೊರೆ ತೇಲುವ ಆ ನೀರಿಗೆ ಇಳಿಯದಂತೆ ಬಿಗಿಯಾಗಿ ಹಿಡಿದಿರುತ್ತೇವೆ. ಮನೆಯಲ್ಲಿ ಮೀಸಿದ ಮೇಲೆ ಕಿವಿ ಒಣಗಿಸುವ ಕ್ಲೀನರ್ ಹಾಕುತ್ತೇವೆ. ಚೆನ್ನಾಗಿರುವ ಕಿವಿಯನ್ನು ದಿನಾ ತೊಳೆಯುವುದೂ ತಪ್ಪು, ತೇವಕ್ಕೆ ಚರ್ಮ ಮೆತ್ತಗಾಗುತ್ತದೆ. ವಾರಕ್ಕೊಮ್ಮೆ ಹಾಲೆ ಎತ್ತಿ ನೋಡಿ, ಮೂಸಿದರೆ ಸಾಕು.

ಬೆಕ್ಕಿನ ಲೆಕ್ಕ ಬೇರೆ. ಪುಟ್ಟಿಯ ಕಿವಿಯಲ್ಲಿ ಕರಿಯ ಪುಡಿಪುಡಿ ಗುಗ್ಗೆ ಕಂಡಾಗ ನಾನೂ ಯೀಸ್ಟ್ ಇರಬೇಕು ಎಂದುಕೊಂಡೇ ಹೋದೆ. ಸ್ಲೈಡಿನಲ್ಲಿ ಹರಿದಾಡುವ ನುಸಿಗಳು. ಎಳೆಯ ಬೆಕ್ಕುಗಳಲ್ಲಿ ಇದೇ ಹೆಚ್ಚು, ಮತ್ತು ನಾಯಿಗೂ ಹತ್ತುತ್ತದೆ. ಹಾಗಾಗಿ ಇಬ್ಬರಿಗೂ ಚಿಕಿತ್ಸೆ ಆಯಿತು. ದೊಡ್ಡ ಬೆಕ್ಕಿಗೆ ಯೀಸ್ಟೇ ಬಂದಿದ್ದರೆ ಅಲರ್ಜಿ, ಕಿವಿಯೊಳಗಿನ ಗಂಟು ಅಥವಾ ದೇಹದ ಬೇರೆ ಕಾಯಿಲೆ ಇದೆಯೇ ಎಂದು ನೋಡಿಸಬೇಕು. ನಾಯಿಗೆ ತಂದ ಉಣ್ಣಿಯ ಔಷಧಿಯಲ್ಲಿ ಪರ್ಮೆಥ್ರಿನ್ ಇದ್ದರೆ ಅದನ್ನು ಬೆಕ್ಕಿಗೆ ಮುಟ್ಟಿಸಲೇಬಾರದು. ಅದು ಬೆಕ್ಕಿನ ಜೀವ ತೆಗೆಯಬಹುದು.

ನಿಮ್ಮ ನಾಯಿಯೋ ಬೆಕ್ಕೋ ತಲೆ ಒದರಲು ಶುರುಮಾಡಿದರೆ ಮನೆಯಲ್ಲಿರುವ ಹಳೆಯ ಬಾಟಲಿ ಹುಡುಕಬೇಡಿ, ಎಣ್ಣೆ ಕಾಯಿಸಬೇಡಿ. ಡಾಕ್ಟರ ಹತ್ತಿರ ಹೋಗಿ ಎರಡೇ ಮಾತು ಕೇಳಿ: ತಮಟೆ ನೋಡಿದಿರಾ, ಸ್ಲೈಡ್ ಮಾಡುತ್ತೀರಾ? ಮೈಕ್ರೋಸ್ಕೋಪ್ ಇಲ್ಲದ ಕಡೆ ಇರುವ ಕಡೆಗೆ ಕಳಿಸಲು ಕೇಳಿಕೊಳ್ಳಿ. ಎರಡನೇ ಸಲ ಬಂದರೆ ಚರ್ಮ ಮತ್ತು ಊಟದ ಬಗ್ಗೆ ನೀವಾಗಿಯೇ ಮಾತು ತೆಗೆಯಿರಿ.