ಬಾಲ್ಕನಿಯಲ್ಲಿ ಕಾಡು ಈರುಳ್ಳಿ

ಮಳೆಗಾಲ ಮುಗಿದು ಎಲೆ ಒಣಗಿತೆಂದರೆ ನವಿ ಮುಂಬೈಯ ಸೀವುಡ್ಸ್‌ನ ಫ್ಲ್ಯಾಟಿನಲ್ಲಿ ಆ ಕುಂಡ ಕಸಕ್ಕೆ ಹೋಯಿತೆಂದೇ ಅರ್ಥ. ಕಾಡು ಈರುಳ್ಳಿಯನ್ನು ಮಾತ್ರ ಹಾಗೆ ಎಸೆಯಬೇಡಿ. ಮರಾಠಿ ನೆರೆಯವರು ರಾನ್ ಕಾಂದಾ ಎನ್ನುವ ಈ ಗಿಡ, ಸಸ್ಯಶಾಸ್ತ್ರದ ಡ್ರಿಮಿಯಾ ಇಂಡಿಕಾ, ಕೊಂಕಣದ ಗುಡ್ಡಗಳಲ್ಲೂ ಕಡಲಂಚಿನ ಮರಳಲ್ಲೂ ನಮ್ಮ ಬಯಲುಸೀಮೆಯಲ್ಲೂ ತಾನಾಗಿ ಬೆಳೆಯುತ್ತದೆ. ಮಳೆಗಾಲವೆಲ್ಲ ಎಲೆ, ಬೇಸಿಗೆಯಲ್ಲಿ ಬರೀ ಹೂ.

ಗಡ್ಡೆಗಾಗಿ ಪಾರಸಿಕ್ ಗುಡ್ಡ, ಖಾರ್ಘರ್ ಗುಡ್ಡ ಅಗೆಯಲೇಬೇಡಿ. ಕಲ್ಲುಕ್ವಾರಿ, ಕಟ್ಟಡಗಳಿಂದ ಅಲ್ಲಿ ಉಳಿದಿರುವುದೇ ಕಡಿಮೆ. ಬೆಳೆಸಿದವರಿಂದ ಮರಿಗಡ್ಡೆ ಅಥವಾ ಬೀಜ ಕೇಳಿ ಪಡೆಯಿರಿ. ಚಪ್ಪಟೆಯಾದ ಕಪ್ಪು ಬೀಜವನ್ನು ಜೂನ್‌ನಲ್ಲಿ, ಮೊದಲ ಮಳೆಗೇ ಬಿತ್ತಬೇಕು. ಬೀಜದ ಗಿಡ ಹೂ ಬಿಡಲು ಕೆಲವು ವರ್ಷ ಹಿಡಿಯುತ್ತದೆ, ತಾಳ್ಮೆ ಇರಲಿ.

ತಳದಲ್ಲಿ ದೊಡ್ಡ ತೂತುಗಳಿರುವ ಮಣ್ಣಿನ ಕುಂಡ ಆರಿಸಿ. ಅರ್ಧ ಕೆಂಪುಮಣ್ಣು, ಅರ್ಧ ದಪ್ಪ ಮರಳು, ಮೇಲೊಂದು ಹಿಡಿ ಹಳೆಯ ಗೊಬ್ಬರ ಸಾಕು. ಗಡ್ಡೆಯ ಕುತ್ತಿಗೆ ಮಣ್ಣಿನ ಮಟ್ಟಕ್ಕೆ ಬರುವಂತೆ ಹೂಳಿ. ರಸ ತಾಗಿದರೆ ಚರ್ಮ ತುರಿಸುತ್ತದೆ, ಕೈಗವಸು ಹಾಕಿಕೊಳ್ಳಿ. ಮಳೆ ನೇರ ಬೀಳುವ ಗ್ರಿಲ್‌ನಲ್ಲಿ ಕುಂಡವಿದ್ದರೆ ಕೆಳಗಿನ ತಟ್ಟೆ ತೆಗೆದುಬಿಡಿ. ನಿಂತ ನೀರಲ್ಲಿ ಗಡ್ಡೆ ಕೊಳೆಯುತ್ತದೆ.

ಮಳೆ ನಿಂತ ಮೇಲಿನ ತಿಂಗಳುಗಳೇ ಮುಖ್ಯ. ಎಲೆ ಹಳದಿಯಾದಾಗ ಕತ್ತರಿಸದೆ ತಾನಾಗಿ ಒಣಗಲು ಬಿಡಿ, ಎಲೆಯ ಸಾರವೆಲ್ಲ ಗಡ್ಡೆಗೆ ಇಳಿಯಬೇಕು. ಆಮೇಲೆ ನೀರು ಪೂರ್ತಿ ನಿಲ್ಲಿಸಿ. ಪಾಪ ಒಣಗಿದೆಯಲ್ಲ ಎಂದು ಬೆಳಗ್ಗೆ ಒಂದೊಂದು ಲೋಟ ಹಾಕುವ ಕರುಣೆಯೇ ಇದನ್ನು ಕೊಲ್ಲುವುದು. ಮನೆಕೆಲಸದವರಿಗೂ ಹೇಳಿಡಿ, ಕುಂಡದ ಮೇಲೆ ಹೆಸರಿನ ಚೀಟಿ ಅಂಟಿಸಿ. ಬೇಸಿಗೆ ಏರುತ್ತಿದ್ದಂತೆ ಬೋಳು ಮಣ್ಣಿನಿಂದ ಒಂದೇ ಕಡ್ಡಿ ನೇರ ಎದ್ದು ನಿಲ್ಲುತ್ತದೆ. ಅದರುದ್ದಕ್ಕೂ ದೂರ ದೂರಕ್ಕೆ, ಸಪೂರ ತೊಟ್ಟಿನಿಂದ ಜೋತ ಪುಟ್ಟ ಗಂಟೆಯಂಥ ಹೂಗಳು; ಮಾಸಲು ಬಿಳಿ ಎಸಳಿನ ನಡುವೆ ಹಸಿರು ಬೆರೆತ ಕಂದು ಗೆರೆ. ಗುಲಾಬಿಯ ಅಬ್ಬರ ಇದಕ್ಕಿಲ್ಲ, ಹತ್ತಿರ ಕೂತು ನೋಡಬೇಕು.

ಹೆಸರಲ್ಲಿ ಈರುಳ್ಳಿ ಇದೆಯೆಂದು ಅಡುಗೆಗೆ ಬಳಸಬೇಡಿ. ಗಡ್ಡೆಯಲ್ಲಿ ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷವಿದೆ. ಹಿಂದೆ ಕೆಮ್ಮಿನ ಔಷಧಿಗೆ ಬಳಸುತ್ತಿದ್ದರೆಂಬುದು ನಿಜವಾದರೂ ಮನೆಮದ್ದಿನ ಪ್ರಯೋಗ ಬೇಡ. ಮಳೆಗಾಲದಲ್ಲಿ ಇಲ್ಲಿನ ಸಂತೆಗಳಿಗೆ ಬರುವ ಫೋಡ್ಶಿ ಸೊಪ್ಪಿನಂತೆ ಇದರ ಎಲೆಯೂ ಉದ್ದಕ್ಕೆ ಸಪೂರವಾಗಿರುತ್ತದೆ, ಕಣ್ತಪ್ಪಬಾರದು. ಕುಂಡವನ್ನು ಮಕ್ಕಳ ಕೈಗೆಟುಕದಂತೆ ಇಡಿ. ಯಾರಾದರೂ ತಿಂದುಬಿಟ್ಟರೆ ಗಿಡದ ಒಂದು ತುಂಡು ಹಿಡಿದುಕೊಂಡು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ.