ಗೇರ್‌ಬಾಕ್ಸಿನ ಬಿಸಿ: ಹಳೆಯ ಆಟೊಮ್ಯಾಟಿಕ್ ಕಾರುಗಳಿಂದ ಕಲಿತದ್ದು

ಹಳೆಯ ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಬಿಚ್ಚಿದಾಗ ಹಲ್ಲು ಮುರಿದದ್ದು ನನಗೆ ಸಿಕ್ಕಿದ್ದು ಅಪರೂಪ. ಕ್ಲಚ್ ಪ್ಲೇಟ್ ಕರಿಕಾಗಿರುತ್ತದೆ, ರಬ್ಬರ್ ಸೀಲ್ ಉಗುರಿನಿಂದ ಒತ್ತಿದರೆ ಪಟ್ಟನೆ ತುಂಡಾಗುತ್ತದೆ. ಎರಡೂ ಬಿಸಿಯ ಕೆಲಸ.

1. ಡ್ಯಾಶ್‌ಬೋರ್ಡಿನ ಮುಳ್ಳನ್ನು ನಂಬಿ ಕೂರಬೇಡಿ. ಅದು ಹೇಳುವುದು ಎಂಜಿನ್ನಿನ ಕೂಲೆಂಟಿನ ಬಿಸಿಯನ್ನು. ಮುಳ್ಳು ನಡುವೆಯೇ ನಿಂತಿರುವಾಗ ಗೇರ್‌ಬಾಕ್ಸಿನ ಆಯಿಲ್ 120 ಡಿಗ್ರಿ ದಾಟಿರಬಹುದು.

2. ಆಯಿಲ್ 80ರಿಂದ 95 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ನಿಶ್ಚಿಂತೆ. 115ರ ಸುಮಾರಿಗೆ ಅದು ಒಡೆದು, ವಾಲ್ವ್‌ಗಳ ಮೇಲೆ ಕಂದು ಅಂಟು ಕೂರಲು ಶುರು. 125–130ರಲ್ಲಿ ಸೀಲ್ ಗಟ್ಟಿಯಾಗುತ್ತದೆ. 145 ದಾಟಿತೆಂದರೆ ಪ್ಲೇಟುಗಳು ಜಾರಿ ಸುಡುತ್ತವೆ. ನಮ್ಮ ಕಸುಬಿನಲ್ಲಿ ಒಂದು ಹಳೆಯ ಲೆಕ್ಕವಿದೆ: 93 ಡಿಗ್ರಿಯಿಂದ ಮೇಲಕ್ಕೆ ಪ್ರತಿ 11 ಡಿಗ್ರಿಗೆ ಆಯಿಲಿನ ಆಯುಷ್ಯ ಅರ್ಧ. ಅಂದಾಜಿನ ಲೆಕ್ಕವೇ ಇರಬಹುದು, ಆದರೆ ನನ್ನನ್ನು ಅದು ದಾರಿ ತಪ್ಪಿಸಿಲ್ಲ. 110 ಕಂಡ ಕೂಡಲೇ ಗಾಡಿ ಬದಿಗೆ ಹಾಕಿ.

3. ಬಿಸಿ ಹೆಚ್ಚಾಗಿ ಹುಟ್ಟುವುದು ಟಾರ್ಕ್ ಕನ್ವರ್ಟರಿನಲ್ಲಿ. ಎಂಜಿನ್ ಜೋರಾಗಿ ತಿರುಗುತ್ತಿದ್ದು ಚಕ್ರ ನಿಧಾನವಾಗಿದ್ದರೆ, ನಡುವಿನ ವ್ಯತ್ಯಾಸವೆಲ್ಲ ಆಯಿಲನ್ನು ಕಡೆಯುವುದರಲ್ಲಿ ಕರಗುತ್ತದೆ. ಐದು ಜನ, ಡಿಕ್ಕಿ ತುಂಬ ಸಾಮಾನು, ಮುಂದೊಂದು ಲಾರಿ, ಚಾರ್ಮಾಡಿಯ ತಿರುವು: ಗೇರ್‌ಬಾಕ್ಸಿಗೆ ಇದಕ್ಕಿಂತ ಕಷ್ಟ ಬೇರೆ ಬೇಕಿಲ್ಲ. ಹಳೆಯ ಮರ್ಸಿಡಿಸ್ ಡಬ್ಲ್ಯೂ124ರ ನಾಲ್ಕು ಗೇರಿನ ಬಾಕ್ಸಿನಲ್ಲಂತೂ ಕನ್ವರ್ಟರನ್ನು ಹಿಡಿದಿಡುವ ಲಾಕ್-ಅಪ್ ಕ್ಲಚ್ಚೇ ಇಲ್ಲ. ಘಾಟಿಯಲ್ಲಿ ಡಿ ಬಿಟ್ಟು 2ಕ್ಕೋ ಎಲ್‌ಗೋ ಹಾಕಿ. ಏರಿನಲ್ಲಿ ನಿಲ್ಲಬೇಕಾದರೆ ಬ್ರೇಕ್ ಒತ್ತಿ. ಆಕ್ಸಿಲರೇಟರಿನಲ್ಲೇ ಗಾಡಿ ಹಿಡಿದು ನಿಲ್ಲಿಸಿದರೆ ಒಂದೇ ನಿಮಿಷದಲ್ಲಿ ಬಿಸಿ ಏರುತ್ತದೆ.

ಇನ್ನೊಂದು ಮಾತು. ಬಿಸಿಯಾಯಿತೆಂದು ಎಂಜಿನ್ ಆಫ್ ಮಾಡಬೇಡಿ. ಎಂಜಿನ್ ಓಡಿದರಷ್ಟೇ ಪಂಪ್ ಆಯಿಲನ್ನು ಕೂಲರಿಗೆ ತಳ್ಳುವುದು. ಪಾರ್ಕಿಗೆ ಹಾಕಿ, ಐದಾರು ನಿಮಿಷ ಐಡಲಿನಲ್ಲಿ ಬಿಡಿ. ಎಂಜಿನ್ನೇ ಕುದಿಯುತ್ತಿದ್ದರೆ ಮಾತ್ರ ಬೇರೆ ವಿಚಾರ.

4. ರೇಡಿಯೇಟರನ್ನು ಗೇರ್‌ಬಾಕ್ಸಿನ ಭಾಗವೆಂದೇ ತಿಳಿಯಿರಿ. ಹೆಚ್ಚಿನ ಹಳೆಯ ಕಾರುಗಳಲ್ಲಿ ಆಯಿಲ್ ಕೂಲರ್ ಇರುವುದು ಅದರ ಟ್ಯಾಂಕಿನೊಳಗೆ. ವರ್ಷಗಟ್ಟಲೆ ಬೋರ್‌ವೆಲ್ ನೀರು ಸುರಿದರೆ ಒಳಗೆ ಬಿಳಿ ಗಸಿ ಕಟ್ಟಿ ಆಯಿಲ್ ತಣಿಯುವುದೇ ಇಲ್ಲ. ಕೂಲರ್ ತೂತಾದರೆ ಇನ್ನೂ ಕೆಟ್ಟದ್ದು. ಒಮ್ಮೆ ಒಂದು ಸೆಡಾನಿನ ಡಿಪ್‌ಸ್ಟಿಕ್ ಎಳೆದೆ; ತುದಿಯಲ್ಲಿ ಥೇಟ್ ರೋಸ್ ಮಿಲ್ಕ್. ಕೂಲೆಂಟ್ ಬೆರೆತು ಪ್ಲೇಟಿನ ಲೈನಿಂಗ್ ಅಂಟು ಬಿಟ್ಟು ಎದ್ದು ಬಂದಿತ್ತು. ಮನೆಯವರೆಲ್ಲ ಆಸೆಯಿಂದ ಇಟ್ಟುಕೊಂಡಿದ್ದ ಕಾರು. ಖರ್ಚು ಹೇಳುವಾಗ ನನಗೇ ಗಂಟಲು ಕಟ್ಟಿತು.

5. ತಿಂಗಳಿಗೊಮ್ಮೆ ಡಿಪ್‌ಸ್ಟಿಕ್ಕನ್ನು ಬಿಳಿ ಬಟ್ಟೆಗೆ ಒರೆಸಿ, ಮೂಸಿ. ಕೆಂಪಿದ್ದು ಕಂದಾಗಿ, ಸುಟ್ಟ ವಾಸನೆ ಬಂದರೆ ತಡಮಾಡಬೇಡಿ.

6. ಘಾಟಿ ಹತ್ತುವ ಹಳೆಯ ಕಾರಿಗೆ ಮುಂಭಾಗದಲ್ಲಿ ಇನ್ನೊಂದು ಚಿಕ್ಕ ಆಯಿಲ್ ಕೂಲರ್ ಹಾಕಿಸಿ, ಒಂದು ಟೆಂಪರೇಚರ್ ಮೀಟರನ್ನೂ ಕೂರಿಸಿ. ಸೆನ್ಸರ್ ಗೇರ್‌ಬಾಕ್ಸಿನ ಆಯಿಲ್ ಪ್ಯಾನಿನಲ್ಲಿರಲಿ. ಕೂಲರಿಗೆ ಹೋಗುವ ಪೈಪಿನಲ್ಲಿದ್ದರೆ, ಕನ್ವರ್ಟರಿನಿಂದ ಆಗಷ್ಟೇ ಹೊರಬಿದ್ದ ಆಯಿಲಿನ ಬಿಸಿ ತೋರಿಸಿ ಏರಿನಲ್ಲಿ ಸುಮ್ಮನೆ ಗಾಬರಿ ಹುಟ್ಟಿಸುತ್ತದೆ. ನಾನು ಮೇಲೆ ಕೊಟ್ಟ ಅಂಕಿಗಳೆಲ್ಲ ಪ್ಯಾನಿನವು.