ಇಳಿವಯಸ್ಸಿನಲ್ಲಿ ಹೊಸ ಪಾಠ



"ಇನ್ನು ನನಗೇತಕ್ಕೆ ಈ ಹೊಸದೆಲ್ಲ? ಮಕ್ಕಳು ನೋಡಿಕೊಳ್ಳಲಿ" ಎಂಬ ಮಾತನ್ನು ನಮ್ಮ ಹಿರಿಯ ಸದಸ್ಯರಿಂದ ಆಗಾಗ ಕೇಳುತ್ತೇವೆ. ಆದರೆ ಎಷ್ಟೋ ಮನೆಗಳಲ್ಲಿ ಮಕ್ಕಳು ಪಟ್ಟಣ ಸೇರಿದ್ದಾರೆ. ತೋಟದ ತೀರ್ಮಾನ ಎಪ್ಪತ್ತು, ಎಂಬತ್ತು ದಾಟಿದವರ ಕೈಯಲ್ಲೇ ಇದೆ. ಅವರು ಕಲಿಯುವುದನ್ನು ನಿಲ್ಲಿಸಿದರೆ ತೋಟವೂ ಅಲ್ಲಿಗೇ ನಿಲ್ಲುತ್ತದೆ. ಆದುದರಿಂದ ಈ ಸಲ ಗೊಬ್ಬರ, ಮದ್ದಿನ ವಿಚಾರಕ್ಕೆ ಮೊದಲು ಕಲಿಕೆಯ ವಿಚಾರವನ್ನೇ ಪಾಠವಾಗಿ ತೆಗೆದುಕೊಂಡಿದ್ದೇವೆ.

ಸಿರುಗುಪ್ಪದ ಉದಾಹರಣೆ

ಬಳ್ಳಾರಿ ಜಿಲ್ಲೆಯ ಸಿರುಗುಪ್ಪ ಕಾಫಿ, ಅಡಕೆಯ ಸೀಮೆಯಲ್ಲ. ನಮಗೆ ಅದು ಅಕ್ಕಿಯ ಊರೆಂದೇ ಪರಿಚಯ. ಆದರೆ ನದಿಯಂಚಿನ ಹಳೆಯ ಕಾಲುವೆಗಳ ಕೆಳಗಿನ ಭೂಮಿಯನ್ನು ಬಿಟ್ಟರೆ, ಅಲ್ಲಿಯ ಬಹುಭಾಗ ಒಂದು ಕಾಲಕ್ಕೆ ಮಳೆಯನ್ನೇ ನಂಬಿದ ಎರೆಭೂಮಿಯಾಗಿತ್ತು. ಜೋಳ, ಹತ್ತಿ ಅಲ್ಲಿಯ ಬೆಳೆಗಳು. ಎರೆಭೂಮಿಗೆ ನೀರಾವರಿ ಒಗ್ಗುವುದೇ ಎಂದು ಪರೀಕ್ಷಿಸಲು 1937ರಲ್ಲೇ ಸಿರುಗುಪ್ಪದಲ್ಲಿ ಕೃಷಿ ಸಂಶೋಧನಾ ಕೇಂದ್ರ ತೆರೆಯಿತು. 1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂತು.

ಕೂರಿಗೆ ಹಿಡಿದ ಕೈ ಸಸಿಮಡಿ ಮಾಡಬೇಕಾಯಿತು, ಕೆಸರು ತುಳಿಯಬೇಕಾಯಿತು, ನಾಟಿ ಮಾಡಬೇಕಾಯಿತು. ಕರಾವಳಿ ಆಂಧ್ರದಿಂದ ಬಂದು 'ಕ್ಯಾಂಪು' ಕಟ್ಟಿಕೊಂಡ ರೈತರಿಗೆ ಭತ್ತದ ಬೇಸಾಯ ಕರಗತವಾಗಿತ್ತು. ಹೊಲ ಸಮ ಮಾಡಲು ಹಣವಿಲ್ಲದೆ, ಹೊಸ ಬೇಸಾಯದ ಪರಿಚಯವೂ ಇಲ್ಲದೆ ಭೂಮಿ ಮಾರಿದ ಸ್ಥಳೀಯರು ಹಲವರು. ನೋಡಿ ಕಲಿತು ನಿಂತವರೂ ಇದ್ದರು.

ಈಗ ಅದೇ ಸೀಮೆಗೆ ಮತ್ತೊಂದು ಪಾಠ ಬಂದಿದೆ. ಕಾಲುವೆಯ ಕೊನೆಯ ಹೊಲಗಳಿಗೆ ನೀರು ಸಾಲದು. ಕೆಲವೆಡೆ ನೆಲ ಸವಳಾಗಿದೆ. ಹೀಗಾಗಿ ಸಸಿಮಡಿಯೂ ನಾಟಿಯೂ ಇಲ್ಲದೆ ಭತ್ತವನ್ನು ಕೂರಿಗೆಯಲ್ಲೇ ಬಿತ್ತುವ ಕ್ರಮವನ್ನು ಕೃಷಿ ವಿಜ್ಞಾನಿಗಳು ಸೂಚಿಸುತ್ತಿದ್ದಾರೆ. 1953ರಲ್ಲಿ ಇಪ್ಪತ್ತರ ತರುಣನಾಗಿದ್ದವರಿಗೆ ಇಂದು ತೊಂಬತ್ತು ದಾಟಿದೆ. ಟ್ರ್ಯಾಕ್ಟರಿನ ಕೂರಿಗೆ ಅವರಿಗೆ ಹೊಸದು. ಆದರೆ ಬೀಜ ಎಷ್ಟು ಆಳಕ್ಕೆ ಬೀಳಬೇಕು, ನೆಲದ ಹದ ಹೇಗಿರಬೇಕು ಎಂಬುದು ತಂದೆಯ ಜೋಳದ ಹೊಲದಲ್ಲೇ ಕಲಿತದ್ದು. ಹೊಸ ವಿದ್ಯೆ ಹಳೆಯ ತಿಳಿವಳಿಕೆಯ ಮೇಲೆಯೇ ಕೂರುತ್ತದೆ ಎಂಬುದೇ ಇಲ್ಲಿಯ ಮುಖ್ಯ ಪಾಠ.

ವಯಸ್ಸು ಕಸಿಯುವುದೇನು, ಉಳಿಸುವುದೇನು?

ವಯಸ್ಸಾದಂತೆ ಗ್ರಹಿಸುವ ವೇಗ ತಗ್ಗುತ್ತದೆ, ಹೆಸರುಗಳು ಬೇಗ ನೆನಪಿಗೆ ಬಾರವು. ಆದರೆ ಮಾತಿನ ಸಂಪತ್ತು, ಅನುಭವದ ವಿವೇಚನೆ ಬಹುಕಾಲ ಉಳಿಯುತ್ತವೆ. ಅಮೆರಿಕದ ಟೆಕ್ಸಾಸ್‌ನಲ್ಲಿ 60ರಿಂದ 90 ವರ್ಷದ 221 ಜನರನ್ನು ಸೇರಿಸಿ ನಡೆಸಿದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ಮೂರು ತಿಂಗಳು ಛಾಯಾಚಿತ್ರಣ, ಕೌದಿ ಹೊಲಿಗೆಯಂಥ ಹೊಸ ಕೆಲಸವನ್ನು ಕಷ್ಟಪಟ್ಟು ಕಲಿತವರ ಜ್ಞಾಪಕಶಕ್ತಿ ಸುಧಾರಿಸಿತ್ತು. ಬರಿದೆ ಕೂಡಿ ಮಾತಾಡಿ ಕಾಲ ಕಳೆದವರಲ್ಲಿ ಅಷ್ಟು ಸುಧಾರಣೆ ಕಾಣಲಿಲ್ಲ.

ಕೇರಳದ ಕಾರ್ತ್ಯಾಯಿನಿ ಅಮ್ಮ 2018ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆ ಬರೆದು 100ಕ್ಕೆ 98 ಅಂಕ ಪಡೆದರು. ಅಡಕೆಯ ಸೀಮೆಯಾದ ಪುತ್ತೂರಿನಲ್ಲಿ ಬಹುಕಾಲ ಬಾಳಿದ ಶಿವರಾಮ ಕಾರಂತರು (1902–1997) ತೊಂಬತ್ತು ದಾಟಿದ ಮೇಲೂ ಹಕ್ಕಿಗಳ ಕುರಿತು ಪುಸ್ತಕ ಬರೆದರು.

ನಾವು ಮಾಡಬಹುದಾದದ್ದು

1. ತಿಳಿದದ್ದರಿಂದ ಆರಂಭಿಸಿರಿ. ಬೋರ್ಡೋ ದ್ರಾವಣಕ್ಕೆ ಹೊಳೆಯುವ ಚಾಕು ಅದ್ದಿ, ಅದಕ್ಕೆ ಕೆಂಪು ಹತ್ತಿದರೆ ಸುಣ್ಣ ಸಾಲದೆಂದು ತಿಳಿಯುವುದು ಹಿರಿಯರಿಗೆ ಗೊತ್ತು. ಬಣ್ಣ ಬದಲಾಗುವ ಪರೀಕ್ಷಾ ಕಾಗದವೂ ಅದೇ ಪ್ರಶ್ನೆಗೆ ಉತ್ತರ ಹೇಳುತ್ತದೆ. ಎರಡನ್ನೂ ಒಟ್ಟಿಗೆ ಮಾಡಿ ನೋಡಿರಿ.

2. ಒಂದು ಸಲಕ್ಕೆ ಒಂದೇ ವಿಷಯ, ದಿನಕ್ಕೆ ಅರ್ಧ ಗಂಟೆ, ಬೆಳಗಿನ ಹೊತ್ತು. ಮೊಬೈಲಿನಲ್ಲಿ ಧಾರಣೆ ನೋಡುವುದನ್ನು ಮೊಮ್ಮಗ ಮಾಡಿ ತೋರಿಸಿದರೆ ಸಾಲದು. ಅಜ್ಜನ ಬೆರಳೇ ಒತ್ತಬೇಕು.

3. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿರಿ. "ತಲೆಗೆ ಹತ್ತುವುದಿಲ್ಲ" ಎನ್ನುವುದು ಎಷ್ಟೋ ವೇಳೆ ಕಣ್ಣಿಗೆ ಕಾಣದ್ದರ ಫಲ.

4. ಹೂಮಳೆ ಬಿದ್ದ ದಿನ, ಮದ್ದು ಹೊಡೆದ ದಿನಗಳನ್ನು ಪುಸ್ತಕದಲ್ಲಿ ಬರೆದಿಡಿರಿ. ಮರೆವಿಗೆ ಇದಕ್ಕಿಂತ ಅಗ್ಗದ ಔಷಧವಿಲ್ಲ.

5. ಮರ ಹತ್ತುವುದು ಈ ವಯಸ್ಸಿಗಲ್ಲ. ಕಾರ್ಬನ್ ಫೈಬರ್ ದೋಟಿಯಿಂದ ನೆಲದಲ್ಲೇ ನಿಂತು ಗೊನೆ ಕೊಯ್ಯುವ ಕ್ರಮವನ್ನು ನೋಡಿ ತಿಳಿದುಕೊಂಡರೆ ಕೆಲಸ ಮಾಡಿಸಲು ಬರುತ್ತದೆ.

ಮನೆಯ ಕಿರಿಯರಲ್ಲಿ ಒಂದು ವಿನಂತಿ. ಹಿರಿಯರು ಒಂದೇ ಪ್ರಶ್ನೆಯನ್ನು ಮೂರು ಬಾರಿ ಕೇಳಿದರೆ ಮೂರು ಬಾರಿಯೂ ಉತ್ತರಿಸಿರಿ. ನಿಮಗೆ ನಡೆಯಲು ಕಲಿಸಿದಾಗ ಅವರು ಎಣಿಸಿರಲಿಲ್ಲ. ಮುಂದಿನ ಪ್ರಾತ್ಯಕ್ಷಿಕೆಗೆ ಅವರನ್ನೂ ಕರೆತನ್ನಿರಿ. ಮುಂದಿನ ಸಾಲಿನಲ್ಲೇ ಕೂರಿಸಿರಿ.